ಮೋಟು ಬೆರಳು

"ಎಡಗೈ ಹೊರಗೆ ತೆಗೀರಿ ಅಜ್ಜ, ಹಕ್ಕಿ ಜೇಬಲ್ಲಿ ಕೂರಲ್ಲ," ಎಂದಳು ಜಮೈಕಾದ ಪಕ್ಷಿಧಾಮವೊಂದನ್ನು ನೋಡಿಕೊಳ್ಳುವ ಐಸಿಲ್ಡಾ. ಎಜಕೀಲನ ಬಲಗೈಗೆ ಆಗಲೇ ಹಕ್ಕಿಗೆ ಕುಡಿಸುವ ಸಕ್ಕರೆ ನೀರಿನ ಶೀಶೆ ಕೊಟ್ಟಾಗಿತ್ತು.

ಕಬ್ಬು ಕಡಿಯುವಾಗ ಮಚ್ಚು ತಗಲಿ ಎಡಗೈಯ ತೋರುಬೆರಳು ಅರ್ಧ ಹಾರಿಹೋದ ಮೇಲೆ, ಮೂವತ್ತು ವರ್ಷದಲ್ಲಿ ಅವನು ಆ ಕೈಯನ್ನು ಚರ್ಚಿನಲ್ಲೂ ಜನರಿಗೆ ತೋರಿಸಿದವನಲ್ಲ. "ತೆಗಿಯೋ ಮಾರಾಯ, ನಿನ್ನ ಕೈ ನೋಡೋಕೆ ಇಲ್ಲಿ ಯಾರೂ ಟಿಕೆಟ್ ತಗೊಂಡಿಲ್ಲ," ಎಂದು ಹೆಂಡತಿ ಮರ್ಲೀನ್ ತಿವಿದಳು.

ಅವನು ಮೋಟು ಬೆರಳನ್ನು ಶೀಶೆಯ ಮುಂದೆ ಚಾಚಿದ. ಕಿವಿಯ ಪಕ್ಕ ಗುಂಯ್ ಎಂದಿತು. ಅಲ್ಲಿನವರು ಡಾಕ್ಟರ್ ಹಕ್ಕಿ ಎನ್ನುವ, ಉದ್ದ ಬಾಲದ ಹಸಿರು ಹಮ್ಮಿಂಗ್‌ಬರ್ಡ್ ಒಂದು ಆ ಬೆರಳ ಮೇಲೆ ಕೂತು, ರೆಕ್ಕೆ ಮಡಚಿ, ಕುಡಿಯತೊಡಗಿತು. ಭಾರವೇ ಇಲ್ಲ, ಪುಟ್ಟ ಎದೆಯ ಬಡಿತವಷ್ಟೇ ಬೆರಳಿಗೆ ತಾಗುತ್ತಿತ್ತು.

ಎಜಕೀಲ ಕೈ ಅಲುಗಿಸದೆ ಪಿಸುಗುಟ್ಟಿದ: "ಮರ್ಲೀನ್, ನೋಡೇ... ಬೆರಳಲ್ಲಿ ಇನ್ನೂ ಜಾಗ ಮಿಕ್ಕಿದೆ."