ಉಪಕಾರದ ಕಾಗದ

"ಎಡಗೈಲೇ ಒಂದು ಗೀಟು ಹಾಕಮ್ಮ, ದೇವರೇನೂ ಬೇಡ ಅನ್ನಲ್ಲ," ಎಂದು ಗುಮಾಸ್ತ ಲೇಖನಿ ಚಾಚಿದಾಗ ಟಾಬಿತಾಳ ಬಲಗೈಯ ಮೋಟೇ ಮೊದಲು ಮುಂದೆ ಬಂತು. ಮೇಜಿನ ಸುತ್ತ ಕೂತಿದ್ದ ದಾನಿಗಳಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಇಂಗ್ಲೆಂಡಿನ ಲಂಕಾಶೈರಿನ ಆ ಧರ್ಮಾಸ್ಪತ್ರೆಯಿಂದ ಮನೆಗೆ ಹೊರಟವರೆಲ್ಲ ದಾನಿಗಳೆದುರು ನಿಂತು ಉಪಕಾರ ಸ್ಮರಿಸಬೇಕು, ಕಾಗದಕ್ಕೆ ಗುರುತು ಹಾಕಬೇಕು. ಹಾಕದವರ ಮನೆಯವರಿಗೆ ಮುಂದೆ ದಾನಿಗಳ ಶಿಫಾರಸು ಪತ್ರ ಸಿಗದು. ಪತ್ರವಿಲ್ಲದೆ ಆಸ್ಪತ್ರೆಯ ಬಾಗಿಲು ತೆರೆಯದು. ಮನೆಯಲ್ಲಿ ಗಂಡನ ಕಾಲು ಕೊಳೆಯುತ್ತಿತ್ತು. ಟಾಬಿತಾ ಶಿಲುಬೆಯಂಥದೊಂದು ಗುರುತು ಗೀಚಿದಳು. ಮನಸ್ಸಿಗೆ ಏನೂ ಆಗಲಿಲ್ಲ.

"ಭೇಷ್!" ಎಂದರು ದಾನಿಗಳಲ್ಲೊಬ್ಬರಾದ ಗಿರಣಿಯ ಧಣಿ ಎಂಟ್ವಿಸಲ್. ಅವಳ ಕೈ ನುಂಗಿದ್ದು ಅವರದೇ ಹತ್ತಿ ಹಿಂಜುವ ಯಂತ್ರ. "ನಿನ್ನ ಗಂಡನಿಗೆ ಪತ್ರ ಇವತ್ತೇ ಬರೀತೀನಿ. ಸೋಮವಾರದಿಂದ ಅದೇ ಯಂತ್ರಕ್ಕೆ ನಿನ್ನ ಮಗಳನ್ನ ಕಳಿಸು. ಪೆಗಿ ಅಲ್ವೇನೇ ಅವಳ ಹೆಸರು? ಸಣ್ಣ ಕೈ, ಒಳಗೆ ಸಲೀಸಾಗಿ ಹೋಗುತ್ತೆ."

"ಹೌದು ಧಣಿ, ಪೆಗಿ," ಎಂದಳು ಟಾಬಿತಾ. ಶಾಯಿ ಇನ್ನೂ ಹಸಿಯಾಗಿತ್ತು. ಅವಳು ಅಂಗೈಯೂರಿ, ಊಟದ ಮೇಜು ಒರೆಸುವ ಹಾಗೆ ನಿಧಾನವಾಗಿ, ಆ ಗುರುತನ್ನು ಒರೆಸಿಬಿಟ್ಟಳು.