ಬಿಕ್ಕಳಿಕೆಯ ದೀಪ

ಅಪ್ಪ ಸುತ್ತಿಗೆ ಎತ್ತಿದ್ದೇ ತಡ, ಮಗಳು ಎರಡೂ ಕೈ ಚಾಚಿ ದೀಪಕ್ಕೆ ಅಡ್ಡ ನಿಂತಳು. ಅದು ಮೇಜಿನ ಮೇಲಿಡುವ ಗಾಜಿನ ದೀಪ. ಅವಳೇ ವಿನ್ಯಾಸ ಬರೆದು, ಮೊದಲ ಸಲ ತಾನೇ ಕುಲುಮೆಯ ಮುಂದೆ ನಿಂತು ಊದಿದ್ದು. ಊದುವಾಗ ಬಿಕ್ಕಳಿಕೆ ಬಂದು, ನುಣ್ಣಗಿರಬೇಕಾದ ಗಾಜಿನ ಮೈಯೆಲ್ಲ ಸುಕ್ಕುಗಟ್ಟಿತ್ತು. ಐಬಿರುವ ಗಾಜು ಅಪ್ಪನ ಕಾರ್ಖಾನೆಯಲ್ಲಿ ಒಂದು ದಿನವೂ ಉಳಿದದ್ದಿಲ್ಲ. ಒಡೆದು ಮತ್ತೆ ಕುಲುಮೆಗೇ ಹಾಕಬೇಕು.

“ಬಿಕ್ಕಳಿಕೆ ಬಂದ್ರೆ ಕೊಳವೆ ಬಾಯಿಂದ ತೆಗಿ ಅಂತ ಬಡ್ಕೊಂಡಿದ್ದೆ. ಇದೇನು ದೀಪನಾ, ಒಣಗಿದ ಬದನೆಕಾಯಾ?”

“ಒಂದ್ಸಲ ಹಚ್ಚಿ ನೋಡ್ಬಿಡ್ತೀನಪ್ಪಾ. ಆಮೇಲೆ ನಾನೇ ಒಡೀತೀನಿ.”

“ನೋಡು, ನೋಡು. ನಾನು ಕೈಗವಸು ತರೋಷ್ಟರಲ್ಲಿ ಮುಗಿಸು,” ಎಂದು ಗೊಣಗುತ್ತ ಅವನು ಸುತ್ತಿಗೆ ಸಮೇತ ಹೊರನಡೆದ.

ಅವಳು ಪರದೆ ಎಳೆದು, ಉರಿಯುವ ಬಲ್ಬೊಂದನ್ನು ತಂತಿಯಲ್ಲಿ ತೂಗುತ್ತ ಗಾಜಿನೊಳಗೆ ಇಳಿಸಿದಳು. ಸುಕ್ಕುಗಳೆಲ್ಲ ಬೆಳಕಿನ ಗೆರೆಗಳಾಗಿ ಗೋಡೆಗೆ, ಸೂರಿಗೆ, ನೆಲಕ್ಕೆ ಹರಡಿದವು. ಬಲ್ಬು ಓಲಾಡಿದಂತೆ ಅವೂ ಓಲಾಡಿದವು. ಕೋಣೆಯ ತುಂಬ ಮೊಣಕಾಲುದ್ದ ತಿಳಿನೀರು ನಿಂತಂತಾಯಿತು. ತಂತಿ ಹಿಡಿದ ಕೈ ಕದಲಿಸಲೂ ಅವಳಿಗೆ ಭಯವಾಯಿತು.

ಕೈಗವಸು ತೊಟ್ಟು ಬಂದ ಅಪ್ಪ ಬಾಗಿಲಲ್ಲೇ ನಿಂತ. ನಲವತ್ತು ವರ್ಷ ಗಾಜಿನೊಂದಿಗೇ ಬದುಕಿದ ಮನುಷ್ಯ ಗೋಡೆ ನೋಡಿದ, ನೆಲ ನೋಡಿದ, ಮಗಳ ಮುಖ ನೋಡಿದ. ಸುತ್ತಿಗೆಯನ್ನು ಹೊಸಿಲಾಚೆ ಇಟ್ಟ. ಆಮೇಲೆ ಬಗ್ಗಿ, ಪ್ಯಾಂಟನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದು, ಮೆಲ್ಲಗೆ ಒಳಗೆ ಕಾಲಿಟ್ಟ.