ಗಿರಿಧರನ ಚರ್ಚಿಲ್

ಗಂಡ ಸಂದೀಪನ ಅಂತ್ಯಕ್ರಿಯೆಗೆ ಬಂದಿದ್ದವರೆಲ್ಲ ಹೊರಟುಹೋದ ಮರುದಿನ ಬೆಳಿಗ್ಗೆ ಜಾಹ್ನವಿ ಕಸದ ಚೀಲ ಕೆಳಗಿಟ್ಟು ಬರುವಷ್ಟರಲ್ಲಿ, ಟೋಕಿಯೋದ ನಿಶಿ ಕಸಾಯಿ ಬಡಾವಣೆಯ ಅವಳ ಫ್ಲಾಟಿನ ಬಾಗಿಲಲ್ಲಿ ಗಿರಿಧರ್ ನಿಂತಿದ್ದ. ಕನ್ನಡ ಗೆಳೆಯರ ಚರ್ಚಾಕೂಟಕ್ಕೆಂದು ಅವಳ ಗಂಡನಿಗೆ ಚರ್ಚಿಲ್ಲನ ಜೀವನಚರಿತ್ರೆಯನ್ನು ಎರವಲು ಕೊಟ್ಟಿದ್ದವನು ಇವನೇ.

"ಸಂಡೇ ಡಿಬೇಟ್ ಅವನ ನೆನಪಿಗೇ ಮಾಡ್ತಿದೀವಿ ಜಾಹ್ನವಿ. ಚರ್ಚಿಲ್ ಫೋಟೋ ಪಕ್ಕ ಅವನ ಫೋಟೋ. ಕ್ಯಾನ್ಸರ್ ಜೊತೆ ಅದೇ ಥರ ಫೈಟ್ ಮಾಡಿದ ನೋಡಿ, ಸರೆಂಡರ್ ಆಗ್ಲೇ ಇಲ್ಲ!"

"ಡಿಬೇಟ್‌ನಲ್ಲಿ ಅವರು ಚರ್ಚಿಲ್ ವಿರುದ್ಧ ಮಾತಾಡೋರಿದ್ರು," ಎಂದಳು ಜಾಹ್ನವಿ. "ಬಂಗಾಳದ ಕ್ಷಾಮದ ಬಗ್ಗೆ. ಅವರ ಫೋಟೋ ಚರ್ಚಿಲ್ ಪಕ್ಕ ಇಡಬೇಡಿ."

"ಅಯ್ಯೋ, ಅದೊಂದು ಬಿಡಿ," ಗಿರಿಧರ್ ನಕ್ಕ. "ಯಾವ ವಾರ್‌ನಲ್ಲಿ ಜನ ಹಸಿವಿಂದ ಸತ್ತಿಲ್ಲ ಹೇಳಿ? ಅದರಿಂದ ಗ್ರೇಟ್ ಲೀಡರ್‌ನ ಅಳೆಯೋಕಾಗುತ್ತಾ?"

ಗಂಟಲಿನ ಹುಣ್ಣಿನಿಂದ ಸಂದೀಪನಿಗೆ ಕಡೆಕಡೆಗೆ ಗಂಜಿಯೂ ಇಳಿದಿರಲಿಲ್ಲ. ಹಸಿದು ಸಾಯುವುದು ಹೇಗಿರುತ್ತದೆಂದು ಅವಳು ಆ ಮುಖದಲ್ಲಿ ನೋಡಿದ್ದಳು.

ಒಳಗೆ ಹೋಗಿ ಪುಸ್ತಕ ತಂದಳು. ಈ ದೇಶದಲ್ಲಿ ವಿಸಿಟಿಂಗ್ ಕಾರ್ಡನ್ನೂ ಎರಡು ಕೈಯಲ್ಲಿ ಕೊಡುತ್ತಾರೆ; ಅವಳ ಊರಿನಲ್ಲಿ ಏನಿದ್ದರೂ ಬಲಗೈಯಲ್ಲಿ. ಗಿರಿಧರ್ ಎರಡೂ ಕೈ ಚಾಚಿದ. ಜಾಹ್ನವಿ ಬಲಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಎಡಗೈಯಲ್ಲಿ ಅದನ್ನು ಕೊಟ್ಟಳು.